ಸಭಾಪಾಲಕನೊಬ್ಬ ವಿಧಾನಸಭೆಗೆ ನಿಂತಾಗ: ನಾಮಪತ್ರದಿಂದ ಲೆಕ್ಕಪತ್ರದವರೆಗೆ

ಮೊನ್ನೆ ಬುಧವಾರ, 2023ರ ಜೂನ್ 7ರಂದು, ಚುನಾವಣಾ ಖರ್ಚಿನ ಲೆಕ್ಕ ಒಪ್ಪಿಸಿ ಸ್ವೀಕೃತಿ ಪತ್ರ ತಗೊಂಡು ಬಂದೆ. ಮಾರ್ಚ್ 29ರಂದು ಕರ್ನಾಟಕ ವಿಧಾನಸಭೆಯ ಚುನಾವಣೆ ಘೋಷಣೆಯಾದಾಗ ಶುರುವಾದ ಓಡಾಟ ಅಲ್ಲಿಗೆ ಮುಗಿಯಿತು. ಈ ಎರಡು ತಿಂಗಳಲ್ಲಿ ಯಾರನ್ನು ಕೇಳಬೇಕು ಅಂತಲೇ ಗೊತ್ತಾಗದೆ ಎಷ್ಟೋ ರಾತ್ರಿ ನಿದ್ದೆ ಬಂದಿಲ್ಲ. ಮುಂದೆ ನನ್ನ ಹಾಗೆ ಪಕ್ಷದ ಬೆಂಬಲವಿಲ್ಲದೆ ನಿಲ್ಲುವವರಿಗೆ, ಅದರಲ್ಲೂ ದೇವರ ಸೇವೆಯಲ್ಲಿ ಇದ್ದುಕೊಂಡೇ ನಿಲ್ಲುವವರಿಗೆ ಉಪಯೋಗಕ್ಕೆ ಬರಲಿ ಅಂತ ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ನಾನು ಹಳ್ಳಿಯ ಸಭಾಪಾಲಕ, ಅಂದರೆ ಚರ್ಚಿನ ಪಾದ್ರಿ. ಮೂರು ಹಳ್ಳಿ ಸೇರಿ ನಮ್ಮದೊಂದು ಕ್ರೈಸ್ತ ಸಭೆ. ಜನ ನನ್ನನ್ನು ಅಯ್ಯನವರು ಅಂತ ಕರೆಯುತ್ತಾರೆ. ಸಭೆಗೆ ಬರದ ಮನೆಗಳವರೂ ಹಾಗೇ ಕರೆಯುತ್ತಾರೆ. ನಮ್ಮ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ವೈದ್ಯರು ಇರುವುದಿಲ್ಲ. ಹೆರಿಗೆ ನೋವು ಬಂದವರನ್ನು 28 ಕಿಲೋಮೀಟರ್ ದೂರದ ಪಟ್ಟಣಕ್ಕೆ ಒಯ್ಯಬೇಕು. ಹನ್ನೊಂದು ವರ್ಷದಿಂದ ನನ್ನ ಹಳೇ ಓಮ್ನಿಯಲ್ಲಿ ಎಷ್ಟು ಜನರನ್ನು ಕರೆದೊಯ್ದಿದ್ದೇನೋ ಲೆಕ್ಕವಿಟ್ಟಿಲ್ಲ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿತ್ತು. ಹೋದ ವರ್ಷ ಮಳೆಗಾಲದಲ್ಲಿ ಹಿಂದಿನ ಸೀಟಿನಲ್ಲೇ ಒಂದು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಉಳಿದರು. ಆ ರಾತ್ರಿಯೇ ನಾನು ನಿಲ್ಲಬೇಕು ಅಂದುಕೊಂಡೆ.

ಮೊದಲು ಎದ್ದ ಪ್ರಶ್ನೆ, ಸಭಾಪಾಲಕರು ಚುನಾವಣೆಗೆ ನಿಲ್ಲಬಹುದಾ? ಕಾನೂನಿನಲ್ಲಿ ಅಡ್ಡಿಯಿಲ್ಲ. ಭಾರತದ ಪ್ರಜೆ ಆಗಿರಬೇಕು, 25 ವರ್ಷ ತುಂಬಿರಬೇಕು, ರಾಜ್ಯದ ಯಾವುದಾದರೂ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಎಲ್ಲ ಕಡೆ ಮೊದಲಿನಿಂದ ಹೀಗಿರಲಿಲ್ಲ. ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ ಪಾದ್ರಿಗಳು ಶಾಸಕರಾಗಬಾರದು ಅಂತ ಕಟ್ಟಳೆಯಿತ್ತು. 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಇಂಗ್ಲೆಂಡಿನಲ್ಲಿ ಇಂಥ ಅಡ್ಡಿ ಹೋಗಿದ್ದು 2001ರಲ್ಲಿ. ನಮ್ಮ ದೇಶದಲ್ಲೇ ಜೆ.ಜೆ.ಎಂ. ನಿಕೋಲ್ಸ್ ರಾಯ್ ಇದ್ದರು. ಖಾಸಿ ಬೆಟ್ಟಗಳ ಆ ಪಾದ್ರಿ ಅಸ್ಸಾಂನಲ್ಲಿ ಶಾಸಕರಾಗಿ, ಮಂತ್ರಿಯಾಗಿ, ಸಂವಿಧಾನ ಸಭೆಯ ಸದಸ್ಯರಾಗಿ ಕೆಲಸ ಮಾಡಿದರು. ಈಶಾನ್ಯದ ಬುಡಕಟ್ಟು ಪ್ರದೇಶಗಳಿಗೆ ಸ್ವಾಯತ್ತ ಆಡಳಿತ ಕೊಡುವ, ಸಂವಿಧಾನದ ಆರನೇ ಅನುಸೂಚಿಯ ಹಿಂದೆ ಅವರ ದುಡಿಮೆ ದೊಡ್ಡದು. ಅವರ ಬಗ್ಗೆ ಓದಿದ ಮೇಲೆ ನನಗೆ ಧೈರ್ಯ ಬಂತು.

ಆದರೆ ಸರ್ಕಾರದ ಕಾನೂನು ಬೇರೆ, ನಿಮ್ಮ ಸಭೆಯ ನಿಯಮ ಬೇರೆ. ಕ್ಯಾಥೋಲಿಕ್ ಗುರುಗಳಿಗೆ ಅಧಿಕಾರದ ಹುದ್ದೆ ಹಿಡಿಯಲು ಅವರ ಧರ್ಮಸಭೆಯ ಕಾನೂನೇ ಬಿಡುವುದಿಲ್ಲ. ನಮ್ಮಲ್ಲಿ ಹಾಗೆ ನಿಷೇಧವಿಲ್ಲ, ಆದರೂ ಮೇಲಿನವರ ಒಪ್ಪಿಗೆ ಬೇಕು. ನನಗೆ ಎರಡು ತಿಂಗಳು ಸಂಬಳವಿಲ್ಲದ ರಜೆ ಸಿಕ್ಕಿತು. ಪತ್ರ ಕೈಗೆ ಬರಲು ಮೂರು ವಾರ ಹಿಡಿಯಿತು. ಹಾಗಾಗಿ ಘೋಷಣೆ ಆಗುವ ತನಕ ಕಾಯಬೇಡಿ, ಮೊದಲೇ ಕೇಳಿ, ಬರಹದಲ್ಲಿ ತಗೊಳ್ಳಿ.

ಠೇವಣಿಯ ವಿಷಯ ಹೇಳಲೇಬೇಕು. ವಿಧಾನಸಭೆಗೆ 10,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ನಮ್ಮ ತಾತನ ಕಾಲದವರೆಗೆ ನಮ್ಮ ಮನೆ ಇದ್ದದ್ದು ಊರ ಹೊರಗಿನ ಕೇರಿಯಲ್ಲಿ. ಇವತ್ತೂ ನಮ್ಮ ಸಭೆಯ ಬಹಳ ಮನೆಗಳು ಅಲ್ಲೇ ಇವೆ. ಆದರೆ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರನ್ನು ಬಿಟ್ಟು ಬೇರೆ ಧರ್ಮದವರು ಪರಿಶಿಷ್ಟ ಜಾತಿಗೆ ಸೇರುವುದಿಲ್ಲ. ರಾಜ್ಯದಲ್ಲಿ ನಾವು ಪ್ರವರ್ಗ-1. ಹಾಗಾಗಿ ನನಗೆ 5,000ದ ರಿಯಾಯಿತಿ ಇಲ್ಲ, 224 ಕ್ಷೇತ್ರಗಳಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾದ 36ರಲ್ಲಿ ನಿಲ್ಲುವ ಹಕ್ಕೂ ಇಲ್ಲ. ನಮ್ಮದು ಸಾಮಾನ್ಯ ಕ್ಷೇತ್ರವಾಗಿದ್ದರಿಂದ ನಿಂತೆ. ಕೌಂಟರಿನಲ್ಲಿ 10,000 ಎಣಿಸಿ ಕೊಡುವಾಗ ತಾತನ ಮುಖ ಕಣ್ಮುಂದೆ ಬಂತು. ಪರಿಶಿಷ್ಟ ಪಂಗಡದವರಿಗೆ ಈ ಧರ್ಮದ ಷರತ್ತು ಇಲ್ಲ, ಅದನ್ನೂ ತಿಳಿದಿರಿ.

ಘೋಷಣೆ ಬಂದ ಹೊತ್ತು ನನ್ನ ಪಾಲಿಗೆ ಬಹಳ ಇಕ್ಕಟ್ಟಿನದು. ಏಪ್ರಿಲ್ 2 ಗರಿಗಳ ಭಾನುವಾರ, 7 ಶುಭ ಶುಕ್ರವಾರ, 9 ಈಸ್ಟರ್. 13ರಿಂದ ನಾಮಪತ್ರ ಶುರು, 20 ಕೊನೆಯ ದಿನ. ನಡುವೆ 14 ಅಂಬೇಡ್ಕರ್ ಜಯಂತಿ, 16 ಭಾನುವಾರ, ಎರಡೂ ದಿನ ತಗೊಳ್ಳುವುದಿಲ್ಲ. ಉಳಿದ ದಿನವೂ ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ಮಾತ್ರ. ಎಂಟು ದಿನ ಅನ್ನುವುದು ಕೊನೆಗೆ ಆರು ದಿನ ಆಗುತ್ತದೆ. ನನ್ನ ರಜೆ ಈಸ್ಟರ್ ಮರುದಿನದಿಂದ. ಹಬ್ಬದ ಆರಾಧನೆ ಮುಗಿಸಿ, ನಿಲುವಂಗಿ ಮಡಚಿ ನನ್ನ ಹೆಂಡತಿಯ ಕೈಗೆ ಕೊಟ್ಟೆ. ಅವಳು ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಇಬ್ಬರೂ ಏನೂ ಮಾತಾಡಲಿಲ್ಲ.

ಇನ್ನು ಕಾಗದ ಪತ್ರ. ನಾಮಪತ್ರ ನಮೂನೆ 2ಬಿ, ಪ್ರಮಾಣಪತ್ರ ನಮೂನೆ 26. ಎರಡನೆಯದೇ ಜಾಸ್ತಿ ಹೊತ್ತು ತಿನ್ನುವುದು. ನಿಮ್ಮದು, ಹೆಂಡತಿ ಅಥವಾ ಗಂಡನದು, ನಿಮ್ಮ ದುಡಿಮೆಯನ್ನು ನಂಬಿಕೊಂಡಿರುವ ಮನೆಯವರದು, ಎಲ್ಲರ ಪಾನ್ ಸಂಖ್ಯೆ, ಐದು ವರ್ಷದ ಆದಾಯ ತೆರಿಗೆ ವಿವರ, ಬ್ಯಾಂಕ್ ಬಾಕಿ, ವಿಮೆ, ಚಿನ್ನ, ಜಮೀನು, ಸಾಲ, ಕ್ರಿಮಿನಲ್ ಪ್ರಕರಣಗಳು, ಓದು, ಸೋಷಿಯಲ್ ಮೀಡಿಯಾ ಖಾತೆಗಳು, ಎಲ್ಲವನ್ನೂ ಬರೆದು ನೋಟರಿ ಮುಂದೆ ಸಹಿ ಹಾಕಬೇಕು. ಒಂದೇ ಒಂದು ಕಾಲಂ ಖಾಲಿ ಬಿಡಬಾರದು. ಏನೂ ಇಲ್ಲದಿದ್ದರೆ ಇಲ್ಲ ಅಂತ ಬರೆಯಿರಿ, ಸಂಬಂಧವಿಲ್ಲದಿದ್ದರೆ ಅನ್ವಯಿಸುವುದಿಲ್ಲ ಅಂತ ಬರೆಯಿರಿ. ಗೆರೆ ಎಳೆದು ಬಿಡಬೇಡಿ. ಖಾಲಿ ಬಿಟ್ಟಿದ್ದಕ್ಕೆ ನೋಟಿಸ್ ಬಂದು, ಆಮೇಲೂ ತುಂಬದಿದ್ದರೆ ನಾಮಪತ್ರವೇ ತಿರಸ್ಕಾರವಾಗಬಹುದು.

ಈ ಪತ್ರ ನೋಟಿಸ್ ಬೋರ್ಡಿಗೂ ಹೋಗುತ್ತದೆ, ಚುನಾವಣಾ ಆಯೋಗದ ವೆಬ್‌ಸೈಟಿಗೂ ಹೋಗುತ್ತದೆ. ಇದನ್ನು ಮನೆಯವರಿಗೆ ಮೊದಲೇ ಹೇಳಿ. ನಾನು ಹೇಳಿರಲಿಲ್ಲ. ನನ್ನ ಹೆಂಡತಿಯ ತವರಿನವರು ಕೊಟ್ಟ ಸರದ ತೂಕ ಬರೆಯಲು ಅಂಗಡಿಗೆ ಹೋಗಿ ತೂಗಿಸಿದೆವು. 19 ಗ್ರಾಂ. ಅದರ ಮೇಲೆ ಸೊಸೈಟಿಯಲ್ಲಿ ಮಾಡಿದ ಸಾಲವನ್ನೂ ಬರೆಯಬೇಕಾಯಿತು. ಅವಳ ತಮ್ಮನಿಗೆ ಆ ಸಾಲ ಗೊತ್ತಿರಲಿಲ್ಲ. ಪತ್ರ ಹೊರಬಂದ ದಿನ ಅವನು ಫೋನ್ ಮಾಡಿ, "ಅಕ್ಕಾ, ನನಗೊಂದು ಮಾತು ಹೇಳಬಾರದಿತ್ತಾ?" ಅಂದ. ಅವಳು ಅಡುಗೆಮನೆಯಲ್ಲಿ ಕೂತು ಅತ್ತಳು. ಆ ತಪ್ಪು ನನ್ನದೇ.

ಚುನಾವಣೆಗೆ ಅಂತಲೇ ಪ್ರತ್ಯೇಕ ಬ್ಯಾಂಕ್ ಖಾತೆ ಬೇಕು. ನಾಮಪತ್ರ ಕೊಡುವ ಹಿಂದಿನ ದಿನದೊಳಗೆ ಅದು ತೆರೆದಿರಬೇಕು. ನನಗೆ ಎರಡು ದಿನ ಹಿಡಿಯಿತು. ಫೋಟೊ ಸ್ಟಾಂಪ್ ಅಳತೆಯದು, ಮೂರು ತಿಂಗಳೊಳಗೆ ತೆಗೆಸಿದ್ದು, ಹಿಂದೆ ಬಿಳಿ ಬಣ್ಣ, ಟೋಪಿ ಕಪ್ಪು ಕನ್ನಡಕ ಬೇಡ. ಸಮವಸ್ತ್ರದಲ್ಲಿರಬಾರದು ಅಂತ ನಿಯಮದಲ್ಲಿದೆ. ನಾನು ಪಾದ್ರಿಯ ಕಾಲರ್ ಬಿಟ್ಟು ಸಾದಾ ಅಂಗಿಯಲ್ಲಿ ತೆಗೆಸಿದೆ. ಮತಯಂತ್ರದ ಮೇಲೆ ನನ್ನ ವೃತ್ತಿ ಕಾಣಬಾರದು ಅನ್ನುವುದು ನನ್ನ ಮನಸ್ಸಿನಲ್ಲೂ ಇತ್ತು.

ಅಭ್ಯರ್ಥಿಯ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರು ಸೂಚಕರು. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ ಸಾಕು. ಪಕ್ಷೇತರರಿಗೆ ಅದೇ ಕ್ಷೇತ್ರದ ಹತ್ತು ಮತದಾರರು ಬೇಕು. ಏಪ್ರಿಲ್ 17, ಸೋಮವಾರ, ಹತ್ತೂ ಜನರನ್ನು ಟೆಂಪೊದಲ್ಲಿ ಕರೆದುಕೊಂಡು ತಾಲೂಕು ಕಚೇರಿಗೆ ಹೋದೆ. ಅಭ್ಯರ್ಥಿಯ ಜೊತೆ ಒಳಗೆ ನಾಲ್ಕೇ ಜನ ಹೋಗಬಹುದು. ಉಳಿದವರು ಬ್ಯಾರಿಕೇಡಿನ ಆಚೆ, ಹುಣಸೆ ಮರದ ಕೆಳಗೆ. ನಮ್ಮ ಸರದಿ ಬಂದಾಗ 2 ಗಂಟೆ 40 ನಿಮಿಷ. ಒಬ್ಬರ ಕ್ರಮ ಸಂಖ್ಯೆ ತಾಳೆಯಾಗಲಿಲ್ಲ. ನಾನು ಹಳೆಯ ಪಟ್ಟಿ ನೋಡಿ ಬರೆದಿದ್ದೆ, ಹೊಸ ಪಟ್ಟಿಯಲ್ಲಿ ಸಂಖ್ಯೆ ಬದಲಾಗಿತ್ತು. ಸರಿಮಾಡುವಷ್ಟರಲ್ಲಿ ಹೊತ್ತು ಮೀರಿತು. ನಾಳೆ ಬನ್ನಿ ಅಂದರು. ನೀವು ಮಾತ್ರ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಎರಡನ್ನೂ ತೀರ ಇತ್ತೀಚಿನ ಪಟ್ಟಿಯಿಂದಲೇ ಬರೆದುಕೊಳ್ಳಿ. ಹಿಂದಿನ ದಿನ ಹೋಗಿ ಸಹಾಯಕ ಅಧಿಕಾರಿಗೆ ಒಮ್ಮೆ ತೋರಿಸಿ. ತೋರಿಸಿದರೆ ಅವರು ನೋಡಿಕೊಡುತ್ತಾರೆ.

ಮರುದಿನ ಮತ್ತೆ ಹತ್ತೂ ಜನ ಬಂದರು. ಕೂಲಿ ಬಿಟ್ಟು ಎರಡು ದಿನ. ಅವರಲ್ಲಿ ಒಬ್ಬ ಅಜ್ಜಿಗೆ ಸಹಿ ಹಾಕಲು ಬರುವುದಿಲ್ಲ. ಹೆಬ್ಬೆಟ್ಟು ಒತ್ತುವ ಸೂಚಕರು ಮನೆಯಲ್ಲಿ ಒತ್ತಿ ಕಳಿಸಿದರೆ ನಡೆಯುವುದಿಲ್ಲ, ಅಧಿಕಾರಿಯ ಎದುರೇ ಒತ್ತಬೇಕು. ಆಕೆ ಎಪ್ಪತ್ತು ವರ್ಷ ಹೊಲದಲ್ಲಿ ದುಡಿದವರು. ಮೊದಲ ಸಲ ಒತ್ತಿದಾಗ ಕಾಗದದ ಮೇಲೆ ಬರೀ ನೀಲಿ ಕಲೆ, ಗೆರೆಗಳೇ ಇಲ್ಲ. ಸವೆದು ಹೋಗಿವೆ. ಸಿಬ್ಬಂದಿಯ ಹುಡುಗಿಯೊಬ್ಬಳು ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿ, ಇಂಕು ತೆಳ್ಳಗೆ ಸವರಿ, ಬೆರಳನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಮೆಲ್ಲಗೆ ಉರುಳಿಸಿದಳು. ಆಗ ನಾಲ್ಕೈದು ಗೆರೆ ಮೂಡಿದವು. ಅಜ್ಜಿ ಅದನ್ನು ಬಗ್ಗಿ ನೋಡಿ, "ಬಂತಲ್ಲ ಅಯ್ಯನೋರೇ," ಅಂದರು. ಈ ಇಡೀ ಓಡಾಟದಲ್ಲಿ ನನ್ನ ಕಣ್ಣು ತುಂಬಿದ್ದು ಅಲ್ಲಿ.

ನಾಮಪತ್ರ ಕೊಟ್ಟ ಕೂಡಲೇ ಪ್ರಮಾಣವಚನ ತಗೊಳ್ಳಿ, ಅದನ್ನು ಮರೆತು ಮನೆಗೆ ಹೋದರೆ ತೊಂದರೆ. ಪರಿಶೀಲನೆಯ ದಿನಕ್ಕೆ ಮೊದಲೇ ಅದು ಆಗಿರಬೇಕು. ದೇವರ ಹೆಸರಿನಲ್ಲೂ ತಗೊಳ್ಳಬಹುದು, ಸತ್ಯನಿಷ್ಠೆಯಿಂದ ಅಂತಲೂ ಹೇಳಬಹುದು. ನಾನು ದೇವರ ಹೆಸರಿನಲ್ಲಿ ತಗೊಂಡೆ. 21ರ ಪರಿಶೀಲನೆಯಲ್ಲಿ ನಮ್ಮದು ಎರಡು ನಿಮಿಷದಲ್ಲಿ ಮುಗಿಯಿತು. 24ರ ಮಧ್ಯಾಹ್ನ ವಾಪಸ್ ಪಡೆಯುವ ಹೊತ್ತು ಮುಗಿದ ಮೇಲೆ ಚಿಹ್ನೆ ಹಂಚಿದರು. ನಾಮಪತ್ರದಲ್ಲೇ ಮೂರು ಚಿಹ್ನೆ ಬರೆದು ಕೊಟ್ಟಿರಬೇಕು. ನಾನು ಮೊದಲು ಕೇಳಿದ್ದು ಹೊಲಿಗೆ ಯಂತ್ರ. ಇನ್ನೊಬ್ಬರೂ ಅದನ್ನೇ ಕೇಳಿದ್ದರು. ಚೀಟಿ ಎತ್ತಿದಾಗ ಅವರಿಗೆ ಹೋಯಿತು. ನನಗೆ ಬಕೆಟ್ ಬಂತು. ಚಿಹ್ನೆ ಕೈಗೆ ಬರುವ ಮೊದಲು ಕರಪತ್ರ ಅಚ್ಚು ಹಾಕಿಸಬೇಡಿ.

ಪ್ರಚಾರಕ್ಕೆ ಸಿಗುವುದು ಎರಡೇ ವಾರ. ಮೇ 8ರ ಸಂಜೆ 6ಕ್ಕೆ ಬಹಿರಂಗ ಪ್ರಚಾರ ಮುಗಿಯಿತು. ಈಗ ನನ್ನಂಥವರು ತಪ್ಪದೆ ತಿಳಿಯಬೇಕಾದ ಮಾತಿಗೆ ಬರುತ್ತೇನೆ.

ಪ್ರಜಾಪ್ರತಿನಿಧಿ ಕಾಯ್ದೆ 1951ರ ಸೆಕ್ಷನ್ 123(3)ರ ಪ್ರಕಾರ ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಓಟು ಕೇಳುವುದು ಭ್ರಷ್ಟ ಆಚರಣೆ. ಅಭ್ಯರ್ಥಿ ಕೇಳಿದರೂ ಅಷ್ಟೇ, ಅವರ ಒಪ್ಪಿಗೆಯಿಂದ ಬೇರೆಯವರು ಕೇಳಿದರೂ ಅಷ್ಟೇ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಇದನ್ನು ಇನ್ನೂ ಬಿಗಿ ಮಾಡಿತು. ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರರ ಧರ್ಮದ ಹೆಸರಿನಲ್ಲಿ ಕೇಳಿದರೂ ತಪ್ಪು. ಗೆದ್ದ ಮೇಲೂ ಆಯ್ಕೆ ರದ್ದಾಗಬಹುದು, ಆರು ವರ್ಷದವರೆಗೆ ಅನರ್ಹತೆಯೂ ಬರಬಹುದು. ದೇವಸ್ಥಾನ, ಮಸೀದಿ, ಚರ್ಚನ್ನು ಪ್ರಚಾರಕ್ಕೆ ಬಳಸಬಾರದು ಅಂತ ನೀತಿ ಸಂಹಿತೆಯಲ್ಲೂ ಇದೆ.

ಓದುವಾಗ ಸುಲಭ ಅನಿಸಿತು. ನಡೆಯುವಾಗ ಹಾಗಿರಲಿಲ್ಲ. ಏಪ್ರಿಲ್ 23ರ ಭಾನುವಾರ ನಾನು ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಬೇರೆ ಊರಿನ ಸಭಾಪಾಲಕರು ಪ್ರಸಂಗ ಮಾಡಿದರು. ಪ್ರಕಟಣೆಯ ಹೊತ್ತಿಗೆ ನಮ್ಮ ಹಿರಿಯರೊಬ್ಬರು ಎದ್ದು, "ನಮ್ಮ ಅಯ್ಯನವರು ನಿಂತಿದ್ದಾರೆ, ಎಲ್ಲರೂ..." ಅಂತ ಶುರು ಮಾಡಿದರು. ನಾನು ಕೂತಲ್ಲಿಂದಲೇ ಕೈಮುಗಿದು, "ಅಪ್ಪಾ, ಇಲ್ಲಿ ಬೇಡ," ಅಂದೆ. ಅವರು ನನ್ನನ್ನು ಎತ್ತಿ ಆಡಿಸಿದವರು. ನೊಂದುಕೊಂಡು ಕೂತರು. ಸಂಜೆ ಅವರ ಮನೆಗೆ ಹೋಗಿ ಕಾನೂನು ವಿವರಿಸಿದೆ. ಕಾನೂನು ಇಲ್ಲದಿದ್ದರೂ ಬೇಡ ಅಂದೆ. ಆ ಪೀಠದ ಮುಂದೆ ಬೇರೆ ಬೇರೆ ಪಕ್ಷಕ್ಕೆ ಓಟು ಹಾಕುವವರು ಪಕ್ಕಪಕ್ಕ ಮೊಣಕಾಲೂರಿ ಕರ್ತರ ಭೋಜನ ತಗೊಳ್ಳುತ್ತಾರೆ. ಅದು ಕೆಟ್ಟರೆ ಮತ್ತೆ ಕಟ್ಟಲು ನನ್ನಿಂದ ಆಗುವುದಿಲ್ಲ.

ಇನ್ನೊಂದು ದಿನ ವಾಟ್ಸಾಪಿನಲ್ಲಿ, ಕ್ರೈಸ್ತರೆಲ್ಲ ಒಂದಾಗಿ ಬಕೆಟ್‌ಗೆ ಒತ್ತಿ ಅಂತ ಯಾರೋ ಹಾಕಿದರು. ಹಾಕಿದ ಹುಡುಗನನ್ನು ಹುಡುಕಿ ತೆಗೆಸಿದೆ. ನನ್ನ ಒಪ್ಪಿಗೆ ಇಲ್ಲ ಅಂತ ಚುನಾವಣಾಧಿಕಾರಿಗೂ ಬರೆದು ಕೊಟ್ಟು ಮುದ್ರೆ ಹಾಕಿಸಿಕೊಂಡೆ. ನಿಮಗೂ ಇಂಥದ್ದು ಆದರೆ ಅದೇ ದಿನ ಬರೆದು ಕೊಡಿ.

ಎಲ್ಲಕ್ಕಿಂತ ಕಷ್ಟವಾದದ್ದು ಪ್ರಾರ್ಥನೆ. ಓಟು ಕೇಳಲು ಹೋದ ಕಡೆ ಪ್ರಾರ್ಥನೆ ಮಾಡುವುದಿಲ್ಲ, ಪ್ರಾರ್ಥನೆಗೆ ಕರೆದ ಕಡೆ ಓಟು ಕೇಳುವುದಿಲ್ಲ ಅಂತ ನಾನು ನಿರ್ಧಾರ ಮಾಡಿಕೊಂಡಿದ್ದೆ. ಮೇ ಮೊದಲ ವಾರ ಒಂದು ಬೀದಿಯಲ್ಲಿ ಕರಪತ್ರ ಹಂಚುತ್ತಿದ್ದಾಗ ಒಬ್ಬ ತಾಯಿ ಬಾಗಿಲಿಗೆ ಬಂದರು. ಒಳಗೆ ಮಗುವಿಗೆ ಮೂರು ದಿನದಿಂದ ಜ್ವರ. "ಒಂದು ಪ್ರಾರ್ಥನೆ ಮಾಡಿ ಅಯ್ಯನವರೇ," ಅಂದರು. ಅವರು ನಮ್ಮ ಸಭೆಯವರಲ್ಲ. ನಾನು ಜೊತೆಯ ಹುಡುಗರನ್ನು ಬೀದಿಯ ತುದಿಗೆ ಕಳಿಸಿದೆ. ಎದೆಯ ಮೇಲಿದ್ದ ಬಕೆಟ್ಟಿನ ಬ್ಯಾಡ್ಜ್ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಒಳಗೆ ಹೋಗಿ ಮಗುವಿನ ಹಣೆ ಮುಟ್ಟಿದೆ, ಸುಡುತ್ತಿತ್ತು. ಪ್ರಾರ್ಥನೆ ಮಾಡಿ, ಅವರನ್ನು ಓಮ್ನಿಯಲ್ಲಿ ಆಸ್ಪತ್ರೆಗೆ ಕಳಿಸಿದೆ. ಆ ಮನೆಗೆ ಕರಪತ್ರ ಕೊಡಲಿಲ್ಲ, ಮತ್ತೆ ಓಟು ಕೇಳಲೂ ಹೋಗಲಿಲ್ಲ. ಹುಡುಗರು, "ನಾಲ್ಕು ಓಟು ಹೋಯ್ತಲ್ಲ," ಅಂತ ಬೇಜಾರು ಮಾಡಿಕೊಂಡರು. ಹೋಗಲಿ ಅಂದೆ.

ಖರ್ಚಿನ ಮಿತಿ 40 ಲಕ್ಷ. ನನ್ನದು ಕೊನೆಗೆ 3,12,460 ರೂಪಾಯಿ ಆಯಿತು. ಜಾಸ್ತಿ ಹೋಗಿದ್ದು ವಾಹನ ಬಾಡಿಗೆಗೆ, ಆಮೇಲೆ ಅಚ್ಚಿಗೆ, ಮೈಕಿಗೆ. ಅಭ್ಯರ್ಥಿಗೆ ಕೊಡುವ ಲೆಕ್ಕದ ಪುಸ್ತಕದಲ್ಲಿ ಮೂರು ಬಣ್ಣದ ಹಾಳೆ ಇರುತ್ತವೆ. ಬಿಳಿ ದಿನದ ಲೆಕ್ಕಕ್ಕೆ, ಗುಲಾಬಿ ನಗದಿಗೆ, ಹಳದಿ ಬ್ಯಾಂಕಿಗೆ. ದಿನಾ ರಾತ್ರಿ ಬರೆಯಿರಿ, ಎರಡು ದಿನ ಬಿಟ್ಟರೂ ನೆನಪಾಗುವುದಿಲ್ಲ. ಒಬ್ಬರಿಗೆ ಇಡೀ ಚುನಾವಣೆಯಲ್ಲಿ 10,000ಕ್ಕಿಂತ ಜಾಸ್ತಿ ನಗದು ಕೊಡಬಾರದು, ಚೆಕ್ ಅಥವಾ ಆನ್‌ಲೈನ್ ಮಾತ್ರ. 50,000ಕ್ಕಿಂತ ಹೆಚ್ಚು ನಗದು ಇಟ್ಟುಕೊಂಡು ಓಡಾಡಬೇಡಿ. ಕರಪತ್ರದ ಮೇಲೆ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು. ವಾಹನದ ಅನುಮತಿ ಪತ್ರದ ಮೂಲ ಪ್ರತಿ ಗಾಜಿನ ಮೇಲೆ ಅಂಟಿಸಿರಬೇಕು, ಜೆರಾಕ್ಸ್ ನಡೆಯುವುದಿಲ್ಲ.

ಪ್ರಚಾರದ ಅವಧಿಯಲ್ಲಿ ಮೂರು ಸಲ ಈ ಪುಸ್ತಕದ ತಪಾಸಣೆ ಇರುತ್ತದೆ. ಅಧಿಕಾರಿಗಳ ಬಳಿಯೂ ನಿಮ್ಮ ಖರ್ಚಿನ ನೆರಳು ಪುಸ್ತಕ ಒಂದಿರುತ್ತದೆ. ಎರಡನೇ ಸಲ ಹೋದಾಗ ಅವರ ಪುಸ್ತಕದಲ್ಲಿ ನನ್ನ ಒಂದು ಸಭೆಗೆ 200 ಕುರ್ಚಿ ಅಂತ ಬರೆದಿತ್ತು. ನಾವು ತಂದದ್ದು 60. ಶಾಮಿಯಾನದವರ ಬಿಲ್ಲು, ಅವತ್ತಿನ ಫೋಟೊ ಎರಡೂ ಇದ್ದವು. ಬರಹದಲ್ಲಿ ಕೊಟ್ಟೆ, ತಿದ್ದಿದರು. ಬಿಲ್ಲು ಇಲ್ಲದಿದ್ದರೆ ಅದು ನನ್ನ ತಲೆಗೇ ಬರುತ್ತಿತ್ತು.

ಮೇ 10, ಮತದಾನ. 238 ಮತಗಟ್ಟೆಗಳಲ್ಲಿ ನನಗೆ ಏಜೆಂಟರು ಸಿಕ್ಕಿದ್ದು 31ಕ್ಕೆ. ಅವರಿಗೆ ಹೇಳಿದ್ದು ಎರಡೇ ಮಾತು. ಬೆಳಿಗ್ಗೆ ಮತದಾನಕ್ಕೆ ಮೊದಲು ನಡೆಯುವ ಅಣಕು ಮತದಾನಕ್ಕೆ ತಪ್ಪಬೇಡಿ, ಸಂಜೆ ನಮೂನೆ 17ಸಿ, ಅಂದರೆ ಆ ಮತಗಟ್ಟೆಯಲ್ಲಿ ಬಿದ್ದ ಮತಗಳ ಲೆಕ್ಕದ ಪ್ರತಿ ತಗೊಳ್ಳದೆ ಏಳಬೇಡಿ. 31ರಲ್ಲಿ 29 ಪ್ರತಿ ಬಂದವು. 13ರ ಶನಿವಾರ ಎಣಿಕೆ. ನನಗೆ ಬಂದ ಓಟು 2,914. ಚಲಾವಣೆಯಾದ ಮತದ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಂದರೆ ಮಾತ್ರ ಠೇವಣಿ ವಾಪಸ್. ನನ್ನದು ಹೋಯಿತು. ಎಣಿಕೆ ಕೇಂದ್ರದ ಹೊರಗೆ ಪಟಾಕಿ ಸದ್ದಿನ ನಡುವೆ ಅರ್ಧ ಗಂಟೆ ಸುಮ್ನೆ ನಿಂತಿದ್ದೆ. ನೋವಾಯಿತು. ಗೆದ್ದವರನ್ನು ಹುಡುಕಿ ಕೈಕುಲುಕಿ, ರಾತ್ರಿ ವೈದ್ಯರ ವಿಷಯ ಅವತ್ತೇ ಹೇಳಿದೆ. "ಬರೆದು ಕೊಡಿ ಅಯ್ಯನವರೇ," ಅಂದರು.

ಸೋತವರು ಇಲ್ಲೇ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಫಲಿತಾಂಶದಿಂದ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು. ನಮಗೆ ಜೂನ್ 12 ಕೊನೆ. ಒಂದು ಓಟು ಬಂದವರೂ ಕೊಡಬೇಕು. ಸರಿಯಾದ ಕಾರಣವಿಲ್ಲದೆ ಕೊಡದಿದ್ದರೆ ಆಯೋಗ ಮೂರು ವರ್ಷ ಅನರ್ಹ ಮಾಡಬಹುದು. ಮೂರು ಬಣ್ಣದ ಪುಸ್ತಕ, ಬಿಲ್ಲುಗಳು, ಬ್ಯಾಂಕಿನ ವಿವರ, ಪ್ರಮಾಣಪತ್ರ, ಎಲ್ಲಕ್ಕೂ ನಾವೇ ಸಹಿ ಹಾಕಬೇಕು. ಎಲ್ಲದರ ಒಂದೊಂದು ಜೆರಾಕ್ಸ್ ಮನೆಯಲ್ಲಿಟ್ಟುಕೊಳ್ಳಿ. ಸ್ವೀಕೃತಿ ಪತ್ರ ಕೈಗೆ ಬಾರದೆ ಕಚೇರಿಯಿಂದ ಹೊರಡಬೇಡಿ. ನಾನು 11 ಗಂಟೆಗೆ ಹೋದವನು 4 ಗಂಟೆಯವರೆಗೆ ಕಾದೆ.

ಮನೆಗೆ ಬಂದಾಗ ಹೆಂಡತಿ ಟ್ರಂಕಿನ ಬೀಗ ತೆಗೆದು ನಿಲುವಂಗಿ ಒಗೆದು ಹಾಕಿದ್ದಳು. ರಜೆ ಇನ್ನೂ ಎರಡು ದಿನ ಇತ್ತು. ಊಟ ಮಾಡಿ, ಮೇಜಿನ ಮುಂದೆ ಕೂತು ಹೊಸ ಶಾಸಕರಿಗೆ ರಾತ್ರಿ ವೈದ್ಯರ ಅರ್ಜಿ ಬರೆದೆ. ಕೆಳಗೆ ಸಹಿ ಹಾಕುವವರ ಪಟ್ಟಿಯಲ್ಲಿ ಅಜ್ಜಿಯ ಹೆಸರನ್ನು ಮೊದಲು ಬರೆದು, ಹೆಬ್ಬೆಟ್ಟಿಗೆ ಜಾಗ ಬಿಟ್ಟಿದ್ದೇನೆ.